ಜೂನ್ ಒಂದರೊಳಗೆ

ನನಗೆ ಎರಡು ಹುಟ್ಟಿದ ದಿನಗಳು. ಒಂದು ನವೆಂಬರಿನಲ್ಲಿ, ಅಮ್ಮ ಹೆತ್ತದ್ದು. ಇನ್ನೊಂದು ಅದೇ ವರ್ಷದ ಜೂನ್ ಒಂದು, ಅಪ್ಪ ಹುಳಿಮಾವಿನ ಶಾಲೆಯಲ್ಲಿ ಬರೆಸಿದ್ದು. ನನಗೆ ಇನ್ನೂ ವಯಸ್ಸು ಸಾಲದು ಎಂದ ಹೆಡ್‌ಮಾಸ್ಟರು, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ನೋಡೋಣ ಎಂದರಂತೆ. ನಾನು ಕತ್ತು ಓರೆ ಮಾಡಿ ಮುಟ್ಟಿಯೇಬಿಟ್ಟೆ. ಆವತ್ತೇ ಐದು ತಿಂಗಳು ದೊಡ್ಡವಳಾದೆ.

ಅದರಿಂದ ಮೂವತ್ತನಾಲ್ಕು ವರ್ಷ ಯಾವ ತೊಂದರೆಯೂ ಆಗಲಿಲ್ಲ. ಆದದ್ದು ಆಸ್ಟ್ರೇಲಿಯಾದಲ್ಲಿ ನೆಲೆಸಲು ಅರ್ಜಿ ಹಾಕಿದ ಮೇಲೆ. ನಾನು ಜೆ.ಪಿ. ನಗರದಲ್ಲಿ ಪುಟ್ಟ ಮಕ್ಕಳ ಟೀಚರ್, ಅಲ್ಲಿ ಅಂಥವರು ಬೇಕಾಗಿದ್ದಾರೆ. ಬರಬಯಸುವವರ ಓದು, ಅನುಭವ, ಇಂಗ್ಲಿಷ್, ವಯಸ್ಸು ಎಲ್ಲಕ್ಕೂ ಆ ದೇಶ ಅಂಕ ಕೊಡುತ್ತದೆ. ನಲವತ್ತು ತುಂಬಿತೋ, ಹತ್ತು ಅಂಕ ಹೋಯಿತು. ನಿಜದ ಲೆಕ್ಕದಲ್ಲಿ ನನಗೆ ನವೆಂಬರ್‌ವರೆಗೆ ಸಮಯವಿತ್ತು. ಕಾಗದದ ಲೆಕ್ಕದಲ್ಲಿ, ವೀಸಾ ಕೊಡುತ್ತೇವೆ ಬನ್ನಿ ಎನ್ನುವ ಅವರ ಕರೆ ಜೂನ್ ಒಂದರೊಳಗೆ ಬರಬೇಕು, ಇಲ್ಲದಿದ್ದರೆ ಇಲ್ಲ. ದಿನಾಂಕ ತಿದ್ದಿಸಬಹುದೇ ಎಂದು ಜಯನಗರದ ವೀಸಾ ಏಜೆಂಟ್ ಮೇಡಂ ಹತ್ತಿರ ಕೇಳಿದೆ. ಮಾರ್ಕ್ಸ್ ಕಾರ್ಡಿನಿಂದ ಪಾಸ್‌ಪೋರ್ಟಿನವರೆಗೆ ಎಲ್ಲದರಲ್ಲೂ ಅದೇ ಇದೆ, ಈಗ ಕೆದಕಿದರೆ ಅನುಮಾನ ಪಡುತ್ತಾರೆ ಎಂದರು. ವಯಸ್ಸು ಹನ್ನೊಂದು ದಿನ ಕಡಿಮೆ ಎಂದು ಮಕ್ಕಳನ್ನು ಗೇಟಿನಿಂದಲೇ ವಾಪಸ್ ಕಳಿಸುವವಳು ನಾನು, ಇನ್ನು ಯಾರ ಮೇಲೆ ರೇಗಲಿ?

ಆದರೂ ಕರೆಗಾಗಿ ಕಾದ ಆ ನಾಲ್ಕು ತಿಂಗಳು ಎಷ್ಟು ಮಜವಾಗಿದ್ದವು! ನಮ್ಮ ವಾರ್ಡಿನಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದ ನಾನು ಪರದೇಶದ ಪಾರ್ಲಿಮೆಂಟಿನ ಜಗಳವನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಕೆನಡಾ ಹೊರಗಿನಿಂದ ಬರುವವರ ಸಂಖ್ಯೆ ಕಡಿಮೆ ಮಾಡುತ್ತಿದೆ, ಜರ್ಮನಿ ಭಾಷೆ ಕಲಿತು ಬನ್ನಿ ಎನ್ನುತ್ತಿದೆ. ಆಸ್ಟ್ರೇಲಿಯಾದಲ್ಲಿ ಒಬ್ಬರು ನಮ್ಮ ಮಕ್ಕಳಿಗೇ ಮನೆ ಸಿಗುತ್ತಿಲ್ಲ, ಬಾಗಿಲು ಹಾಕಿ ಎಂದರೆ, ಇನ್ನೊಬ್ಬರು ಹಾಗಾದರೆ ಆ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂದು ಕೇಳುತ್ತಾರೆ. ಊಟದ ಹೊತ್ತಿಗೆ ಇದನ್ನೆಲ್ಲ ಮೊಬೈಲಿನಲ್ಲಿ ಹಾಕಿ ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಮುದ್ದೆ ಆರಿಹೋಗುತ್ತಿದೆ ಎಂದು ಅಮ್ಮ ಗದರುತ್ತಿದ್ದಳು.

ಸೊಪ್ಪು ಬೆಳೆಯುತ್ತಿದ್ದ ಹೊಲದಲ್ಲಿ ಅಪ್ಪ ಈಗ ಮೂರು ಅಂತಸ್ತು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಒಡಿಶಾದವರಿದ್ದಾರೆ, ಕೇರಳದವರಿದ್ದಾರೆ. ಹಾಗಾಗಿ ಈ ವಿಷಯದಲ್ಲಿ ತಾವೇ ತಜ್ಞರೆಂದು ಅವರ ಭಾವನೆ.

"ಹೊರಗಿನವ್ರು ಬಂದ್ರೆ ಬಾಡಿಗೆ ಏರುತ್ತೆ, ಅವ್ರು ಹೇಳೋದು ನಿಜಾನೇ," ಎಂದರು ಒಂದು ದಿನ. "ಆದ್ರೆ ಇವ್ರೆಲ್ಲ ಬರದೇ ಇದ್ದಿದ್ರೆ ನಾವಿನ್ನೂ ಮಾರ್ಕೆಟ್ಟಲ್ಲಿ ಸೊಪ್ಪಿನ ಕಂತೆ ಹಿಡ್ಕೊಂಡು ಕೂತಿರ್ತಿದ್ವಿ."

ಆ ಪಾರ್ಲಿಮೆಂಟಿನಲ್ಲಿ ಇಷ್ಟು ಚೆನ್ನಾಗಿ ಯಾರೂ ಮಾತಾಡಿರಲಿಲ್ಲ. ನನಗೆ ಅಪ್ಪನ ಬಗ್ಗೆ ಹೆಮ್ಮೆಯಾಯಿತು. ದಿನಾ ಬೆಳಿಗ್ಗೆ ಕಾಫಿಗೆ ಮೊದಲೇ ಕರೆ ಬಂತಾ ಎಂದು ವಿಚಾರಿಸುತ್ತಿದ್ದರು. ತಾವು ಬರೆಸಿದ ತಾರೀಖಿನಿಂದ ಮಗಳ ಕೆಲಸ ಕೆಡುತ್ತದೆಂದು ಹೆದರಿದ್ದಾರೆ, ಪಾಪ, ಎಂದುಕೊಂಡಿದ್ದೆ.

ಮೇ ಇಪ್ಪತ್ತೊಂಬತ್ತರಂದು ಶಾಲೆಯಲ್ಲಿ ಹೊಸ ಮಕ್ಕಳ ಚೀಲಕ್ಕೆ ಹೆಸರು ಅಂಟಿಸುತ್ತಿದ್ದಾಗ ಮೇಲ್ ಬಂತು. ಮೂರು ಸಲ ಓದಿದೆ. ಕರೆ ಬಂದಿತ್ತು. ಅರ್ಧ ದಿನ ರಜೆ ಹಾಕಿ, ಬನ್ನೇರುಘಟ್ಟ ರಸ್ತೆಯ ಆ ಟ್ರಾಫಿಕ್ಕಿನಲ್ಲಿ ಹೆಲ್ಮೆಟ್ಟಿನೊಳಗೇ ಹಾಡಿಕೊಳ್ಳುತ್ತ ಸ್ಕೂಟರಿನಲ್ಲಿ ಮನೆಗೆ ಬಂದೆ.

ಅಪ್ಪ ಕೆಳಗೆ ನೀರಿನ ಮೋಟಾರ್ ಹಾಕುತ್ತಿದ್ದರು. ಹೇಳಿದೆ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಜೂನ್ ಒಂದು ದಾಟಿಬಿಡ್ಲಿ ಅಂತ ಕಾಯ್ತಿದ್ದೆ ಕಣಮ್ಮ," ಎಂದರು. "ನೀನು ಹೋಗೋದು ನಂಗೆ ಇಷ್ಟ ಇರ್ಲಿಲ್ಲ."

ನನಗೆ ಕೋಪ ಬರಲಿಲ್ಲ. ಖುಷಿ, ಅಳು ಎರಡೂ ಒಟ್ಟಿಗೇ ನುಗ್ಗಿ ಬಂದವು. ಹೋಗಿ ಪಕ್ಕದಲ್ಲಿ ಕೂತೆ. ಮುಂದೇನು ಎಂದು ಕೇಳಿದರು. ಪೊಲೀಸ್ ಸರ್ಟಿಫಿಕೇಟ್, ಮೆಡಿಕಲ್, ಎಲ್ಲ ಬೇಗ ಆಗಬೇಕು, ಈಗಲೇ ಹೊರಡುತ್ತೇನೆ ಎಂದೆ. ಅಪ್ಪ ಎದ್ದು ಒಳಗೆ ಹೋದರು. ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು ಬಂದು, ನಾನು ಕೀಲಿ ತಿರುಗಿಸುವ ಮೊದಲೇ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟರು.