ಏರಿಳಿತವಿಲ್ಲದ ದನಿ

ಬಸ್ ನಿಲ್ದಾಣದಲ್ಲಿ ಅವರ ನಿಜವಾದ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಕಂಚಿನ ಕಂಠ ಎಂದು ಹಿಂದೊಮ್ಮೆ ಯಾರೋ ಹೊಗಳಿದ್ದರಂತೆ. ಅದು ಬಾಯಿಂದ ಬಾಯಿಗೆ ಸವೆದು ಕಂಚಣ್ಣ ಆಗಿತ್ತು. ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬಂತು, ಯಾವುದು ತಡ, ಯಾರ ಮಗು ವಿಚಾರಣೆ ಕಿಟಕಿಯ ಹತ್ತಿರ ಅಳುತ್ತಾ ನಿಂತಿದೆ ಎಂದು ಮೈಕಿನಲ್ಲಿ ಹೇಳುವುದು ಅವರ ಕೆಲಸ. ನಾನು ಅದೇ ನಿಲ್ದಾಣದ ಪಾರ್ಸೆಲ್ ಕೌಂಟರಿನವನು. ಬಾಡಿಗೆಗೆ ಇದ್ದದ್ದೂ ಅವರ ಮನೆಯ ಕೆಳಗಿನ ಮನೆಯಲ್ಲೇ. ಹಾಗಾಗಿ ಅವರ ದನಿ ನನಗೆ ಹಗಲೆಲ್ಲ ಮೈಕಿನಿಂದ, ಸಂಜೆಯ ಮೇಲೆ ನೆತ್ತಿಯ ಮೇಲಿಂದ ಕೇಳುತ್ತಿತ್ತು.

ಮನೆಯಲ್ಲೂ ಅವರು ಮೈಕು ಬಿಟ್ಟವರಲ್ಲ. "ಅಡುಗೆಮನೆಯಿಂದ ಹೊರಡಬೇಕಾದ ಚಹಾ ಅನಿವಾರ್ಯ ಕಾರಣಗಳಿಂದ ತಡವಾಗಿದೆ, ಪ್ರಯಾಣಿಕರು ಸಹಕರಿಸಬೇಕು" ಎಂದು ನಿಲ್ದಾಣದ ರಾಗದಲ್ಲೇ ಕೂಗುತ್ತಿದ್ದರು. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಅತ್ತಿಗೆ ಒಳಗಿನಿಂದ, ಚಹಾ ಇವತ್ತು ರದ್ದಾಗಿದೆ, ದುಡ್ಡು ವಾಪಸ್ ಇಲ್ಲ ಎನ್ನುತ್ತಿದ್ದರು. ಮದುವೆಯಾಗಿ ಮಗಳು ಬೇರೆ ಊರಿಗೆ ಹೋದ ಮೇಲೆ ಇಬ್ಬರೇ ಇದ್ದರೂ ಆ ಮನೆಯಲ್ಲಿ ನಾಲ್ಕು ಜನರ ಮಾತು ಇರುತ್ತಿತ್ತು. ಗಂಡನ ಮುಖಕ್ಕಿಂತ ದನಿಯನ್ನೇ ಅತ್ತಿಗೆ ಹೆಚ್ಚು ನೋಡುತ್ತಿದ್ದರು ಅಂದರೂ ತಪ್ಪಿಲ್ಲ. ಅತ್ತಿಗೆಯ ಕಣ್ಣು ಆಗಲೇ ಕೈಕೊಡಲು ಶುರುವಾಗಿತ್ತು. ಕಣ್ಣೊಳಗಿನ ನರ ಒಣಗುತ್ತಾ ಬರುವ ಕಾಯಿಲೆ. ಹೋದದ್ದು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ನಿವೃತ್ತಿಗೆ ಸ್ವಲ್ಪ ಮೊದಲು ಕಂಚಣ್ಣನ ಗಂಟಲು ಕಟ್ಟಿತು. ಶೀತ ಅಂದುಕೊಂಡರು, ಮೈಕಿನ ಧೂಳು ಅಂದುಕೊಂಡರು. ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಧ್ವನಿಪೆಟ್ಟಿಗೆಯಲ್ಲೇ ಗೆಡ್ಡೆ. ಪ್ರಾಣ ಬೇಕೋ ದನಿ ಬೇಕೋ ಎನ್ನುವ ಸ್ಥಿತಿ. ಪೆಟ್ಟಿಗೆಯನ್ನೇ ತೆಗೆದು ಹಾಕಿದರು. ಕತ್ತಿನ ಬುಡದಲ್ಲಿ ಒಂದು ತೂತು, ಉಸಿರಾಟವೆಲ್ಲ ಅಲ್ಲಿಂದ. ಬಾಯಿ ತುಟಿ ನಾಲಿಗೆ ಎಲ್ಲ ಮೊದಲಿನ ಹಾಗೇ ಆಡುತ್ತಿದ್ದವು, ಆದರೆ ಅವಕ್ಕೆ ಗಾಳಿಯೇ ಇರಲಿಲ್ಲ. ಪಿಸುಮಾತೂ ಇಲ್ಲ.

ಮನೆಗೆ ಬಂದಮೇಲೆ ಸ್ಲೇಟು ಹಿಡಿದರು. ಅತ್ತಿಗೆಗೆ ಕಾಣಲಿ ಎಂದು ಅಕ್ಷರ ದಪ್ಪ ಮಾಡಿದರು. ದಿನ ಕಳೆದ ಹಾಗೆ ಅಕ್ಷರ ದೊಡ್ಡದಾಗುತ್ತಾ, ಮಾತು ಚಿಕ್ಕದಾಗುತ್ತಾ ಹೋಯಿತು. ಕೊನೆಗೆ ಇಡೀ ಸ್ಲೇಟಿಗೆ 'ನೀರು' ಎಂಬ ಒಂದೇ ಪದ. ಅದನ್ನೂ ಅತ್ತಿಗೆ ಮೂಗಿನ ತುದಿಗೆ ಹಿಡಿದು, ಓರೆಮಾಡಿ ಓದುವಷ್ಟರಲ್ಲಿ ಕಂಚಣ್ಣ ತಾವೇ ಎದ್ದು ನೀರು ಕುಡಿದು ಬಂದಿರುತ್ತಿದ್ದರು.

ಆಸ್ಪತ್ರೆಯಲ್ಲಿ ಇಂಥವರಿಗೆ ಮಾತು ಕಲಿಸುವ ಮೇಡಂ ಒಬ್ಬರಿದ್ದರು. ಅವರೇ ಒಂದು ಯಂತ್ರದ ವಿಷಯ ಹೇಳಿದ್ದು. ಚಿಕ್ಕ ಟಾರ್ಚಿನ ಹಾಗಿರುತ್ತದೆ. ಗುಂಡಿ ಒತ್ತಿ ಗದ್ದದ ಕೆಳಗೆ ಹಿಡಿದರೆ ಗುಂಯ್ ಎನ್ನುತ್ತದೆ. ಆ ಸದ್ದನ್ನೇ ಬಾಯಿ ಮಾತಾಗಿ ತಿದ್ದುತ್ತದೆ. ಇದಕ್ಕಿಂತ ಒಳ್ಳೆಯದು ಬರುತ್ತದೆ ಎಂದು ಕೇಳಿದ್ದೇನೆ, ಯಾವಾಗ ಅಂತ ಗೊತ್ತಿಲ್ಲ, ಬೇಕಾದರೆ ಸ್ವಲ್ಪ ಕಾಯಿರಿ ಎಂದೂ ಹೇಳಿದರು. ಕಂಚಣ್ಣ ಕಾಯೋಣ ಎಂಬಂತೆ ತಲೆ ಆಡಿಸಿದರು. ಆದರೆ ಅತ್ತಿಗೆ ಕೇಳಲಿಲ್ಲ.

"ನಂಗೆ ಕಾಯೋಕೆ ಕಣ್ಣಿಲ್ಲ ರೀ," ಅಂದರು. "ಇವತ್ತು ಸಿಗೋದು ತಗೊಳ್ಳಿ."

ಕಾಯಿಲೆಗೆ ಸುರಿದು ಉಳಿದಿದ್ದನ್ನೆಲ್ಲ ಒಟ್ಟು ಮಾಡಿ, ಗಾಲಿಕುರ್ಚಿ ಊರುಗೋಲು ಮಾರುವ ಅಂಗಡಿಯಲ್ಲಿ ಅದನ್ನು ಕೊಂಡರು. ಜೊತೆಯಲ್ಲಿ ನಾನೂ ಹೋಗಿದ್ದೆ. ಪೆಟ್ಟಿಗೆಯನ್ನು ಕಂಚಣ್ಣ ದಾರಿಯುದ್ದಕ್ಕೂ ಎರಡು ಕೈಯಲ್ಲಿ ಹಿಡಿದುಕೊಂಡು ಬಂದರು, ಹಸುಗೂಸನ್ನು ತರುವ ಹಾಗೆ.

ಮಾತು ಬಂತು. ಆದರೆ ಎಂಥ ಮಾತು! ಕಿವಿಯ ಹತ್ತಿರ ದುಂಬಿ ಹಾರುತ್ತಾ ಹಾರುತ್ತಾ ಅಕ್ಷರ ಉದುರಿಸಿದ ಹಾಗೆ. ಏರಿಲ್ಲ, ಇಳಿವಿಲ್ಲ, ಮೊದಲ ಅಕ್ಷರ ಎಷ್ಟು ಎತ್ತರವೋ ಕೊನೆಯದೂ ಅಷ್ಟೇ. ಬೀದಿಯ ಮಕ್ಕಳು ತಮ್ಮ ಗಂಟಲಿಗೆ ಪೆನ್ಸಿಲ್ ಹಿಡಿದು ಅಣಕಿಸಿದವು. ಅತ್ತಿಗೆ ಮಾತ್ರ ಒಂದು ವಾರದಲ್ಲಿ ಆ ಸದ್ದಿಗೆ ಒಗ್ಗಿಕೊಂಡರು. ಚಹಾದ ಘೋಷಣೆಯೂ ಮತ್ತೆ ಶುರುವಾಯಿತು. ಅತ್ತಿಗೆ ಒಂದು ಗಳಿಗೆ ತಡವಾಗಿ ನಗುತ್ತಿದ್ದರು ಅಷ್ಟೇ. ಇದು ತಮಾಷೆಯ ಮಾತು ಎಂದು ಲೆಕ್ಕ ಹಾಕಿಕೊಳ್ಳಲು ಅಷ್ಟು ಹೊತ್ತು ಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ ಆ ಲೆಕ್ಕ ತಪ್ಪಿತು. ಅತ್ತಿಗೆ ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆ, ನೀವೊಬ್ಬರೇ ಇರ್ತೀರಾ ಎಂದು ಕೇಳಿದ್ದಾರೆ. ಕಂಚಣ್ಣ, ಹೋಗು ಮಾರಾಯ್ತಿ, ನೀನಿಲ್ಲದಿದ್ದರೆ ಆರಾಮಾಗಿರ್ತೀನಿ ಎಂದಿದ್ದಾರೆ. ಹಳೆಯ ದನಿಯಲ್ಲಾದರೆ ಅದು ಕಚಗುಳಿ. ಈಗ ಅವರ ಕಣ್ಣಿನ ನಗು ಅತ್ತಿಗೆಗೆ ಕಾಣದು, ದನಿಯ ನಗು ಯಂತ್ರಕ್ಕೆ ಬಾರದು. ಅತ್ತಿಗೆ ಸಾರಿನ ಸೌಟನ್ನು ಹಾಗೇ ಇಟ್ಟು, ಗೋಡೆ ಹಿಡಿದುಕೊಂಡು ಹೋಗಿ ಮಂಚದ ಮೇಲೆ ಕೂತುಬಿಟ್ಟರಂತೆ. ತಮಾಷೆ ಮಾಡಿದೆ ಎಂದು ಕಂಚಣ್ಣ ಎಷ್ಟು ಸಲ ಹೇಳಿದರೂ ಅದೂ ಅದೇ ದನಿಯಲ್ಲೇ ಬಂತು. ಸಂಜೆ ನನ್ನನ್ನು ಮೇಲೆ ಕರೆದು, ಅದು ತಮಾಷೆ ಎಂದು ನನ್ನ ಬಾಯಲ್ಲಿ ಹೇಳಿಸಿದರು. ಅತ್ತಿಗೆ ನಕ್ಕರು. ಹೋದ ಮಾನ ಮುಚ್ಚಿಕೊಳ್ಳುವವರ ನಗು ಅದು. ಮಗಳ ಮನೆಗೆ ಹೋಗುವ ಮಾತು ಅಲ್ಲಿಗೇ ನಿಂತಿತು.

ಆ ಮಳೆಗಾಲ ಮುಗಿದು ಕಂಚಣ್ಣನನ್ನು ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೋದಾಗ, ಬೆಂಚಿನ ಮೇಲೆ ಪಕ್ಕದಲ್ಲಿ ಜವಳಿ ಅಂಗಡಿಯ ಯಜಮಾನರೊಬ್ಬರು ಕೂತಿದ್ದರು. ಅವರ ಕತ್ತಿನಲ್ಲೂ ಅಂಥದೇ ತೂತು, ಕೈಯಲ್ಲೂ ಯಂತ್ರ, ಆದರೆ ಸ್ವಲ್ಪ ತೆಳ್ಳಗಿನದು. ಅವರು ಅದನ್ನು ಗದ್ದಕ್ಕೆ ಹಿಡಿದು, "ಆಪರೇಷನ್ ಆಗಿ ಬಹಳ ದಿನ ಆಯ್ತಾ?" ಎಂದು ಕೇಳಿದರು.

ಕೇಳಿದ್ದು ಕೇಳಿದ ಹಾಗೇ ಇತ್ತು. ವಾಕ್ಯದ ಬಾಲ ಮೇಲಕ್ಕೆ ಎದ್ದಿತ್ತು. ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿದರೆ ದನಿ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ ಎಂದು ಯಜಮಾನರು ತೋರಿಸಿದರು. ಈಗಷ್ಟೇ ಬಂದಿದೆ, ಹೋದ ತಿಂಗಳು ತಗೊಂಡೆ ಎಂದರು. ಗಿರಾಕಿಗಳ ಜೊತೆ ಚೌಕಾಸಿಯನ್ನೂ ಮಾಡುತ್ತೇನೆ ಎಂದು ನಕ್ಕರು. ನಗುವೂ ಒಂದು ಮೆಟ್ಟಿಲು ಹತ್ತಿ ಇಳಿಯಿತು. ಕಂಚಣ್ಣ ತಮ್ಮ ಯಂತ್ರವನ್ನು ಅಂಗಿಯ ಜೇಬಿಗೆ ಹಾಕಿಕೊಂಡವರು ಹೊರಗೆ ತೆಗೆಯಲೇ ಇಲ್ಲ. ಆ ಯಜಮಾನರ ಪ್ರಶ್ನೆಗೂ ನಾನೇ ಉತ್ತರ ಹೇಳಿದೆ.

ಅಲ್ಲಿಂದ ನೇರ ಅಂಗಡಿಗೆ. ಇದನ್ನು ತಗೊಂಡು ಅದನ್ನು ಕೊಡಿ, ಮೇಲಿನದ್ದು ಕಂತಿನಲ್ಲಿ ಕೊಡುತ್ತಾರೆ ಎಂದು ನಾನು ಕೇಳಿದೆ. ಅಂಗಡಿಯವನು ಕೆಟ್ಟವನಲ್ಲ. ಮೈಗೆ ತಾಗುವ ಸಾಮಾನು, ಒಮ್ಮೆ ಬಿಚ್ಚಿದರೆ ಕಂಪನಿ ವಾಪಸ್ ತೆಗೆದುಕೊಳ್ಳುವುದಿಲ್ಲ, ಕಂತಿನ ವ್ಯವಸ್ಥೆಯೂ ಇಲ್ಲ ಎಂದ. ಆಮೇಲೆ ಸಮಾಧಾನ ಮಾಡುವವನ ಹಾಗೆ ಮುಂದಕ್ಕೆ ಬಾಗಿ ಹೇಳಿದ:

"ಇದನ್ನೂ ಈಗ ತಗೋಬೇಡಿ ಸಾರ್. ಇದರಪ್ಪ ಬರ್ತಿದೆ ಅಂತಾರೆ."

ಬಸ್ಸಿನಲ್ಲಿ ಕಂಚಣ್ಣ ಕಿಟಕಿಯ ಕಡೆ ಮುಖ ಹಾಕಿ ಕೂತರು. ಇಳಿಯುವ ಮೊದಲು ನನ್ನ ಕೈಚೀಲದಿಂದ ಪೆನ್ನು ಕಿತ್ತುಕೊಂಡು, ಟಿಕೆಟಿನ ಹಿಂದೆ ಬರೆದರು: 'ಅವಳು ಆತುರಪಟ್ಟಳು.' ಓದಿದ ಮೇಲೆ ನನ್ನ ಕೈಯಿಂದ ಕಸಿದು ಹರಿದು ಎಸೆದರು.

ಯಂತ್ರ ಬೀರು ಸೇರಿತು. ಹಾಗೆಂದು ಅವರು ಜಗಳ ಮಾಡಲಿಲ್ಲ, ಮುಖ ಸಿಂಡರಿಸಲಿಲ್ಲ. ಅತ್ತಿಗೆಗೆ ತಟ್ಟೆ ಇಡುತ್ತಿದ್ದರು, ಮಾತ್ರೆ ಕೈಗೆ ಕೊಡುತ್ತಿದ್ದರು, ತಲೆ ಬಾಚುತ್ತಿದ್ದರು. ಮಾತು ಮಾತ್ರ ಆಡಲಿಲ್ಲ. ಹೊಸ ಯಂತ್ರ ಹೇಗಾದರೂ ಕೊಳ್ಳುತ್ತೇನೆ, ಆಮೇಲೆ ಆಡುತ್ತೇನೆ, ಅಲ್ಲಿಯವರೆಗೆ ಆ ಗುಂಯ್‌ಗಾಟ ಬೇಡ ಎನ್ನುವುದು ಅವರ ಹಟ. ನಿಲ್ದಾಣದವರೆಲ್ಲ ಸೇರಿ ಏನಾದರೂ ಮಾಡೋಣ ಎಂದು ನಾನು ಹೇಳಿದ್ದಕ್ಕೆ ಕೈ ಅಡ್ಡ ಹಿಡಿದರು. ದರ ಇಳಿಯಲಿ ಎಂದು ಕಾದರು. ಮೊದಲು ಕಾಯದೆ ಕೆಟ್ಟೆ ಎಂದುಕೊಂಡವರು ಈಗ ಕಾಯುವುದನ್ನೇ ಕೆಲಸ ಮಾಡಿಕೊಂಡರು.

ಅತ್ತಿಗೆಯ ಕಣ್ಣಿನಲ್ಲಿ ಉಳಿದಿದ್ದ ಬೆಳಕಿನ ಚೂರೂ ಆ ದಿನಗಳಲ್ಲೇ ಹೋಯಿತು. ಗಂಡ ಕೋಣೆಯಲ್ಲಿದ್ದಾರೋ ಇಲ್ಲವೋ ತಿಳಿಯದೆ ಖಾಲಿ ಕುರ್ಚಿಯ ಜೊತೆ ಮಾತಾಡುತ್ತಿದ್ದರು. ನಾನು ಹೋಗಿದ್ದಾಗ ಒಮ್ಮೆ, ಅವರು ಎದುರಿಗೇ ಕೂತಿದ್ದಾರೆ ಎಂದು ನಾನು ಹೇಳಿದ ಮೇಲೆ, ಆ ದಿಕ್ಕಿಗೆ ತಿರುಗಿ ಹೇಳಿದರು:

"ಆ ದನಿ ಚೆನ್ನಾಗಿಲ್ಲ ಅಂತ ನಾನು ಯಾವತ್ತಾದ್ರೂ ಅಂದಿದ್ನಾ? ದುಂಬೀನೇ ಆಗ್ಲಿ. ಮನೇಲಿ ಒಬ್ರು ಇದಾರೆ ಅಂತ ಗೊತ್ತಾಗತ್ತಲ್ಲ, ನಂಗೆ ಅಷ್ಟು ಸಾಕು."

ಕಂಚಣ್ಣ ಬೀರುವಿನ ಕಡೆ ನೋಡಿದರು. ಏಳಲಿಲ್ಲ.

ನಮ್ಮ ಕಟ್ಟಡದ ತಾರಸಿಗೆ ಹೊರಗಿನಿಂದ ಮೆಟ್ಟಿಲು. ಅದರ ಕಬ್ಬಿಣದ ಕಂಬಿ ತುಕ್ಕು ಹಿಡಿದು ಅಲ್ಲಾಡುತ್ತಿತ್ತು. ಮನೆಯ ಮಾಲೀಕರು ಒಂದು ಬೆಳಿಗ್ಗೆ ವೆಲ್ಡಿಂಗ್‌ನವರನ್ನು ಕರೆಸಿ, ಆ ಕಂಬಿಯನ್ನು ಕಿತ್ತು ರಿಪೇರಿಗೆ ಕಳಿಸಿದರು. ಯಾರೂ ಆ ಕಡೆ ಹೋಗಬೇಡಿ ಎಂದು ಮನೆಮನೆಗೂ ಹೇಳಿ ಹೋದರು. ಮೇಲಿನ ಮನೆಯಲ್ಲಿ ಬಾಗಿಲಿಗೆ ಬಂದದ್ದು ಕಂಚಣ್ಣ. ಅತ್ತಿಗೆ ಆಗ ಸ್ನಾನಕ್ಕೆ ಹೋಗಿದ್ದರು. ಬೀರುವಿನ ಯಂತ್ರ ತೆಗೆದು ಒಂದು ಮಾತು ಹೇಳಬೇಕಿತ್ತು. ತಾರಸಿಯಲ್ಲಿ ಒಣಗಲು ಹಾಕಿದ ಬಟ್ಟೆಯನ್ನು ತಾನೇ ತಂದರಾಯಿತು, ಹೇಳುವ ಗೋಜೇ ಬೇಡ ಎಂದುಕೊಂಡು ಅವರು ಔಷಧಿ ತರಲು ಹೊರಟರು.

ಮೋಡ ಕವಿಯಿತು. ಅತ್ತಿಗೆಯ ಕೆನ್ನೆಗೆ ತಣ್ಣನೆ ಗಾಳಿ ತಾಗಿರಬೇಕು. ಒಣಗಿದ ಬಟ್ಟೆ ನೆನೆಯುತ್ತದೆ ಎಂದು ಎಂದಿನ ಹಾಗೆ ಗೋಡೆ ಸವರಿಕೊಂಡು ಮೆಟ್ಟಿಲು ಹತ್ತಿದರು. ಬಟ್ಟೆ ಹೊತ್ತುಕೊಂಡು ಇಳಿಯುವಾಗ ಕಂಬಿಯ ಕಡೆಗೆ ಕೈ ಚಾಚಿದರು. ಅಷ್ಟರಲ್ಲಿ ಕಂಚಣ್ಣ ಗೇಟು ದಾಟಿ ಅಂಗಳಕ್ಕೆ ಬಂದಿದ್ದರು. ಬಾಯಿ ತೆರೆದರು. ಆ ಬಾಯಿಯಿಂದ ಇಡೀ ನಿಲ್ದಾಣವನ್ನೇ ತಡೆದು ನಿಲ್ಲಿಸಿದ್ದವರು. ಏನೂ ಬರದಿದ್ದಾಗ ಔಷಧಿಯ ಚೀಲ ಬಿಸಾಕಿ ಜೋರಾಗಿ ಚಪ್ಪಾಳೆ ಹೊಡೆದರು.

ಆ ಸದ್ದಿಗೆ ನಾನು ಹೊರಗೆ ಬಂದೆ. ಅತ್ತಿಗೆಯೂ ಸದ್ದು ಬಂದ ಕಡೆಗೇ ತಿರುಗಿದರು. ಯಾರದು ಎಂದು ಕೇಳುತ್ತಾ ಆ ಕಡೆಗೇ ಕಾಲಿಟ್ಟರು. ಅಲ್ಲಿ ಮೆಟ್ಟಿಲಿರಲಿಲ್ಲ.

ಸೊಂಟದ ಮೂಳೆ ಮುರಿಯಿತು, ಬಲಗೈ ಮುರಿಯಿತು. ಆಸ್ಪತ್ರೆಯ ವಾರ್ಡಿನಲ್ಲಿ ಕಂಚಣ್ಣ ನನ್ನ ಅಂಗೈ ಮೇಲೆ ಬೆರಳಲ್ಲಿ 'ನಿಲ್ಲು' ಎಂದು ಬರೆದರು. ಮತ್ತೆ ಬರೆದರು. ಅವರು ಹೇಳುತ್ತಿರುವುದು ನನಗೆ ಅರ್ಥವಾಯಿತು. ನಿಲ್ಲು ಎನ್ನುವುದಕ್ಕೆ ಏರಿಳಿತ ಬೇಕಾಗಿರಲಿಲ್ಲ. ದುಂಬಿಯ ದನಿಯೇ ಸಾಕಿತ್ತು.

ಮನೆಗೆ ಓಡಿ, ಬೀರುವಿನಿಂದ ಯಂತ್ರ ತಂದುಕೊಟ್ಟೆ. ಗುಂಡಿ ಒತ್ತಿದರೆ ಸದ್ದಿಲ್ಲ. ಇಡೀ ದಿನ ಚಾರ್ಜಿಗೆ ಇಟ್ಟರೂ ದೀಪ ಹತ್ತಲಿಲ್ಲ. ಬಳಸದೆ ಇಟ್ಟು ಒಳಗಿನ ಬ್ಯಾಟರಿ ಸತ್ತಿತ್ತು. ಅಂಗಡಿಗೆ ಹೋದೆ. ಅಂಗಡಿಯವನು ಡ್ರಾಯರುಗಳನ್ನೆಲ್ಲ ಎಳೆದು ನೋಡಿದ. ಹೊಸದು ಬಂದಮೇಲೆ ಇದರ ಬ್ಯಾಟರಿ ಬರುವುದು ನಿಂತಿದೆ ಎಂದ. ಮೊಬೈಲ್ ರಿಪೇರಿಯವನೊಬ್ಬ ಬೇರೆ ಏನನ್ನೋ ಜೋಡಿಸಿಕೊಟ್ಟ. ಆಸ್ಪತ್ರೆಯ ಮೆಟ್ಟಿಲ ಮೇಲೆ ಒಮ್ಮೆ ಗುಂಯ್ ಎಂದು, ಮಂಚದ ಹತ್ತಿರ ಹೋಗುವಷ್ಟರಲ್ಲಿ ಬಿಸಿಯಾಗಿ ಸುಟ್ಟ ವಾಸನೆ ಬಂತು. ಹೊಸದರ ಮಾತನ್ನು ಆಗ ಎತ್ತುವವರಿರಲಿಲ್ಲ. ನಿಲ್ದಾಣದವರೆಲ್ಲ ಕೂಡಿ ಕೊಟ್ಟದ್ದೂ ಸೊಂಟಕ್ಕೇ ಹೋಯಿತು.

"ರೀ, ಇದೀರಾ?" ಎಂದು ಅತ್ತಿಗೆ ಕೇಳುತ್ತಿದ್ದರು. ಕಂಚಣ್ಣ ಅವರ ಎಡಗೈ ಹಿಡಿದು ಒಂದು ಸಲ ಒತ್ತುತ್ತಿದ್ದರು. ಒಂದು ಸಲ ಒತ್ತಿದರೆ ಹೌದು, ಎರಡು ಸಲ ಅಂದರೆ ಇಲ್ಲ. ಇಬ್ಬರೂ ಹಾಗೆ ಗೊತ್ತುಮಾಡಿಕೊಂಡಿದ್ದರು.

"ಯಂತ್ರ ಬೇಗ ತಗೊಳ್ಳಿ ಅಂದೆ ಅಂತ ನನ್ನ ಮೇಲೆ ಸಿಟ್ಟಿತ್ತಾ?"

ಅವರು ಒತ್ತಿದರು. ಬಿಡುವ ಮೊದಲು ಬೆರಳು ಇನ್ನೊಮ್ಮೆ ಬಿಗಿಯಾದವು. ಅದು ಒಂದೋ ಎರಡೋ ಪಕ್ಕದಲ್ಲಿದ್ದ ನನಗೂ ತಿಳಿಯಲಿಲ್ಲ. ಅತ್ತಿಗೆ ಮತ್ತೆ ಕೇಳಲಿಲ್ಲ.

ಆಸ್ಪತ್ರೆಯಿಂದ ಬಿಟ್ಟಮೇಲೆ ಮಗಳು ಬಂದು ಅಮ್ಮನನ್ನು ತನ್ನ ಊರಿಗೆ ಕರೆದುಕೊಂಡು ಹೋದಳು. ಎದ್ದು ಓಡಾಡಲಾರದವಳನ್ನು, ಕಣ್ಣಿಲ್ಲದವಳನ್ನು, ಕೂಗಲಾರದ ಅಪ್ಪನ ಕೈಗೆ ಬಿಡುವುದು ಹೇಗೆ ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅವಳದು ಒಂದೇ ಕೋಣೆಯ ಮನೆ. ಅಪ್ಪನ ತಪಾಸಣೆಯೂ ಇಲ್ಲಿಯ ಆಸ್ಪತ್ರೆಯಲ್ಲೇ ಆಗಬೇಕು. ಕಂಚಣ್ಣ ಇಲ್ಲೇ ಉಳಿದರು.

ಭಾನುವಾರ ಮಗಳು ಫೋನ್ ಮಾಡಿ ಅಮ್ಮನ ಕಿವಿಗೆ ಹಿಡಿಯುತ್ತಾಳೆ. ಕಂಚಣ್ಣ ಕೆಳಗೆ ನನ್ನ ಮನೆಗೆ ಬಂದು, ಫೋನನ್ನು ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟು, ಬೆರಳಿನಿಂದ ಅದರ ಪಕ್ಕ ತಟ್ಟುತ್ತಾರೆ. ನಾನು ಅವರ ಪರವಾಗಿ ಮಾತಾಡುತ್ತೇನೆ ಎಂದರೆ ಬೇಡ ಎಂದು ಕೈ ಆಡಿಸುತ್ತಾರೆ. ಮೊದಮೊದಲು ಅತ್ತಿಗೆ ಬಹಳ ಹೊತ್ತು ಮಾತಾಡುತ್ತಿದ್ದರು. ಊಟ ಆಯಿತಾ, ನಿದ್ದೆ ಬರುತ್ತಾ ಎಂದು ಕೇಳಿ, ತಟ್ಟುವ ಸದ್ದಿಗೆ ಕಾದು, ಇನ್ನೊಂದು ಕೇಳುತ್ತಿದ್ದರು. ಈಚೆಗೆ ಅವರ ಪ್ರಶ್ನೆಗಳು ಕಡಿಮೆಯಾಗಿವೆ.

ಹೋದ ಭಾನುವಾರ ಆ ಕಡೆ ಮಗಳ ಮನೆಯಲ್ಲಿ ಟಿವಿ ಜೋರಾಗಿತ್ತು. ಅತ್ತಿಗೆ ಎರಡು ಸಲ ರೀ ಎಂದರು. ಕಂಚಣ್ಣ ತಟ್ಟಿದರು. ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ, ಬೆರಳ ಗೆಣ್ಣಿನಿಂದ ಮೇಜನ್ನೇ ಕುಟ್ಟಿದರು.

"ಇವತ್ತು ಆ ಕಡೆ ಯಾರೂ ಇಲ್ಲ ಅನ್ಸತ್ತೆ ಕಣೇ," ಎಂದು ಅತ್ತಿಗೆ ಮಗಳಿಗೆ ಹೇಳಿದ್ದು ನಮಗೆ ಚೆನ್ನಾಗಿ ಕೇಳಿಸಿತು. "ಇಟ್ಬಿಡು."

ಫೋನ್ ನಿಂತ ಮೇಲೂ ಕಂಚಣ್ಣ ಸ್ವಲ್ಪ ಹೊತ್ತು ಕುಟ್ಟುತ್ತಲೇ ಇದ್ದರು.