ರೋಜಾನ ಬಲಗಾಲು

ಬೆಟಗೇರಿಯ ರೋಜಾ ಅಂದ್ರ ಕೈ ಸುಮ್ಮನಿರದ ಹೆಂಗಸು. ಹಗಲೆಲ್ಲಾ ನೇಕಾರರಿಗೆ ನೂಲಿನ ಕಂಡಿಕಿ ಸುತ್ತೂದು, ಚರ್ಚಿನ ಪ್ರಭುಭೋಜನಕ್ಕ ರೊಟ್ಟಿ ಮಾಡಿ ಒಯ್ಯೂದು. ಗಂಡ ತೀರಿಕೊಂಡ ಹನ್ನೊಂದು ವರ್ಷದಾಗ ಆ ರೊಟ್ಟಿ ಒಂದು ಸಲನೂ ತಪ್ಪಿಲ್ಲ. ‘ಇದು ನನ್ನ ದೇಹ’ ಅಂತ ಯೇಸುವಿನ ಮಾತು ಹೇಳಿ ಪಾಸ್ಟರ್ ಅದನ್ನ ಮುರಿಯೂವಾಗ ಆಕಿಗೆ ಎದಿ ತುಂಬಿ ಬರ್ತಿತ್ತು.

ದೀಪಾವಳಿ ಹೊತ್ತಿಗೆ ಬಲಗಾಲ ಮ್ಯಾಲ ಬಿಳಿ ಮಚ್ಚಿ ಎದ್ದಿತು. ಚಿವುಟಿದರ ಖಬರಿಲ್ಲ. ಬರಬರತ ಇಡೀ ಪಾದನ ಮರಗಟ್ಟಿತು. ಕುಷ್ಠ! ಆ ಮಾತು ಮನಸಿನ್ಯಾಗ ಹೊಕ್ಕ ದಿನದಿಂದ ರೋಜಾಗ ಅನ್ನ ಸೇರಲಿಲ್ಲ. ದವಾಖಾನಿಗೆ ಹೋದ್ರ ಓಣಿಗೆಲ್ಲಾ ಗೊತ್ತಾಗ್ತೈತಿ. ಗೊತ್ತಾದ್ರ ಆಕಿ ನಾದಿದ ರೊಟ್ಟಿ ಯಾರು ಬಾಯಾಗ ಇಡ್ತಾರ? ಸುಡು ಬ್ಯಾಸಗ್ಯಾಗ ಸಾಕ್ಸ್ ಹಾಕ್ಕೊಂಡು ಅಡ್ಡಾಡಿದಳು, ಪುಣ್ಯಾತ್ಗಿತ್ತಿ!

ಅಂಥದ್ರಾಗ ಗುಡ್ ಫ್ರೈಡೇ ಹಿಂದಿನ ಗುರುವಾರ ಬಂತು. ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಅವತ್ತು ಪಾಸ್ಟರ್ ಹನ್ನೆರಡು ಮಂದಿಯ ಬಲಗಾಲು ತೊಳೀತಾರ. ಈ ವರ್ಷದ ಯಾದಿಯೊಳಗ ರೋಜಾನ ಹೆಸರು! ಒಲ್ಲೆ ಅಂದ್ರ ಯಾಕಂತ ಕೇಳ್ತಾರ. ಆಕಿ ಎರಡೂ ಪಾದಕ್ಕ ದಟ್ಟಗ ಮೆಹಂದಿ ಹಚ್ಚಿಕೊಂಡಳು. ಐವತ್ತೆರಡರ ವಯಸ್ಸಿಗೆ ಮದುಮಗಳ ಥಾಟು ನೋಡ್ರಿ!

ಆ ಸಂಜಿ ಪ್ರಭುಭೋಜನದ ರೊಟ್ಟಿನೂ ಆಕಿದ. ಅದನ್ನ ಮೇಜಿನ ಮ್ಯಾಲಿಟ್ಟು ಕುರ್ಚಿಯೊಳಗ ಕುಂತಳು. ಮೊದಲು ನರ್ಸ್ ಆಗಿದ್ದ ಪಾಸ್ಟರ್ ವನಿತಾ ಒಬ್ಬೊಬ್ಬರ ಕಾಲು ತೊಳಕೋತ, ‘ನೀರು ಹೆಂಗದಾವ್ರಿ?’ ಅಂತ ಕೇಳಕೋತ ಬಂದರು. ಎಲ್ಲಾರೂ ‘ಬೆಚ್ಚಗ ಅದಾವ್ರಿ’ ಅಂದ್ರು. ರೋಜಾ ಅದನ್ನ ಬಾಯಿಪಾಠ ಮಾಡಿ, ಕಣ್ಣು ಮುಚ್ಚಿ ಪ್ರಾರ್ಥನಿಗೆ ಹತ್ತಿದಳು. ಬಿಸಿನೀರು ತೀರಿ ಬೋಗುಣಿಗೆ ಮಣ್ಣಿನ ಹರವಿ ನೀರು ಸುರುವಿದ್ದು ಆಕಿ ನೋಡಲಿಲ್ಲ.

‘ಬೆಚ್ಚಗ ಅದಾವ್ರಿ, ಚಲೋ ಅದಾವು,’ ಅಂದಳು.

ವನಿತಾ ಅವರ ಕೈ ನಿಂತಿತು. ಮೆಹಂದಿ ಮ್ಯಾಲ ಹೆಬ್ಬೆರಳ ಉಗುರು ಊರಿ ಒತ್ತಿದರು. ರೋಜಾ ಅಳ್ಳಾಡಲಿಲ್ಲ.

‘ರೋಜಕ್ಕ, ಇವು ತಣ್ಣೀರವ್ವಾ,’ ಅಂದರು ಮೆಲ್ಲಕ.

ರೋಜಾ ಬಗ್ಗಿ ಅವರ ಕೈ ಹಿಡಕೊಂಡಳು. ‘ನಿಮ್ಮ ಕಾಲಿಗೆ ಬೀಳ್ತೇನ್ರಿ, ಯಾರಿಗೂ ಹೇಳಬ್ಯಾಡ್ರಿ. ನನ್ನ ರೊಟ್ಟಿ ಇನ್ನ ಯಾರೂ ತಿನ್ನೂದಿಲ್ಲ.’

‘ಇದಕ್ಕ ಗುಳಗಿ ಅದಾವು, ಗುಣಾ ಆಕ್ಕೈತಿ. ಸೋಮವಾರ ಇಬ್ರೂ ಕೂಡಿ ದವಾಖಾನಿಗೆ ಹೋಗೂಣು. ಇವತ್ತಿನ ರೊಟ್ಟಿ ಮೊದಲ ನಾನ ತಿಂತೇನಿ.’

ಹಂಗಂದು ಬಗ್ಗಿ, ಮೆಹಂದಿ ಅಡಿಯ ಅದ ಮಚ್ಚಿಗೆ ಮುತ್ತು ಕೊಟ್ಟರು. ರೋಜಾನ ಕಣ್ಣಿಗೆ ಕಂಡಿತು, ಕಾಲಿಗೆ ತಿಳೀಲಿಲ್ಲ. ಆಗ ಆಕಿ ಎಲ್ಲಾರ ಎದುರಿಗೇ ಬಾಯಿಬಿಟ್ಟು ಅತ್ತಳು.