ಸೂಜಿ ರೂಮಿನ ಮೇಡಂ

ನಮ್ಮ ಮೇಡಂ ಪ್ರಾಣಿಗಳ ಡಾಕ್ಟರು. ನಾಯಿ, ಬೆಕ್ಕುಗಳಿಗೆ ಕೂದಲೆಳೆಯಂಥ ಸೂಜಿ ಚುಚ್ಚಿ ನೋವು ಇಳಿಸುವ ಅಕ್ಯುಪಂಕ್ಚರನ್ನು ಕಲಿತು ಬಂದಾಗ ಇಡೀ ಆಸ್ಪತ್ರೆ ಹಲ್ಲು ಕಿರಿಯಿತು. ಆಸ್ಪತ್ರೆಯ ಯಜಮಾನರಾದ ದೊಡ್ಡ ಡಾಕ್ಟರಂತೂ, "ನಾಯಿಗೆ ಸೂಜಿ ಚುಚ್ಚಿದ್ರೆ ನಿಮಗೆ ಹಲ್ಲು ಚುಚ್ಚುತ್ತೆ, ಹುಷಾರು" ಎಂದು ಎಲ್ಲರ ಮುಂದೆ ಹೇಳಿದರು. ಮೇಡಂ ತಾವೂ ನಕ್ಕರು. ಅವರ ಅಭ್ಯಾಸವೇ ಅದು. ಮನೆಯಲ್ಲಿ ಅತ್ತಿಗೆ ನೆಂಟರೆದುರು "ನಮ್ಮ ನಾದಿನಿ ನಾಯಿಗೆ ಸೂಜಿ ಹಾಕ್ತಾಳೆ, ದಾರ ಪೋಣಿಸೋದೊಂದು ಬಾಕಿ" ಎಂದು ಆಡಿಕೊಳ್ಳುವುದನ್ನೂ ನಗುತ್ತಲೇ ನನಗೆ ಹೇಳಿದ್ದರು.

ನಾನು ಅಲ್ಲಿ ಪ್ರಾಣಿ ಹಿಡಿಯುವವಳು. ಇಂಜೆಕ್ಷನ್ ಕೊಡುವಾಗ ನಾಯಿಯ ಕತ್ತನ್ನು ಕಂಕುಳಲ್ಲಿ ಅವುಚಿಕೊಳ್ಳುವುದು, ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತುವುದು ನನ್ನ ಕೆಲಸ. ಎಲ್ಲರಿಗೂ ನಾನು ಹಿಡಿಯೋ ಅಕ್ಕ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮಾತ್ರ ಹಿಡಿಯುವವರು ಯಾರೂ ಇಲ್ಲ.

ಮೇಡಂಗೆ ಕೊಟ್ಟಿದ್ದು ಆಸ್ಪತ್ರೆಯೊಳಗಿನ ಓಣಿಯ ಕೊನೆಯ ಕೋಣೆ. ಮೊದಲು ಅಲ್ಲಿ ಔಷಧಿಯ ಖಾಲಿ ಪೆಟ್ಟಿಗೆಗಳನ್ನು ಒಟ್ಟುತ್ತಿದ್ದರು. ಮೇಜಿನ ಮೇಲೆ ಹತ್ತಿಸಿದರೆ ಪ್ರಾಣಿಗಳು ಹೆದರುತ್ತವೆ ಎಂದು ಮೇಡಂ ನೆಲದಲ್ಲೇ ಚಾಪೆ ಹಾಸಿ, ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಬೆನ್ನುಮೂಳೆಯ ಎರಡೂ ಪಕ್ಕ, ಮೊಣಕಾಲಿನ ಹತ್ತಿರ, ಬೆರಳುಗಳ ಸಂದಿಯಲ್ಲಿ ಕೂದಲು ಸರಿಸಿ ತಡವಿ ಜಾಗ ಹುಡುಕುತ್ತಿದ್ದರು. ಸೂಜಿ ಇಳಿದ ಮೇಲೆ ಯಾರೂ ಮಾತಾಡುವಂತಿಲ್ಲ. ಸಾಕಿದವರು ಮೈಮೇಲೆ ಕೈಯಿಟ್ಟು ಸುಮ್ಮನೆ ಕೂತಿರಬೇಕು. ಗುರುಗುಟ್ಟುತ್ತಾ ಬಂದ ನಾಯಿ ಗೊರಕೆ ಹೊಡೆಯುವುದನ್ನು ನಾನೇ ನೋಡಿದ್ದೇನೆ.

ಆದರೆ ಆ ಕೋಣೆಗೆ ಬರುತ್ತಿದ್ದವು ಎಂಥವು? ದೊಡ್ಡ ಡಾಕ್ಟರಿಗೆ ಆಪರೇಷನ್ ಮಾಡುವ ಧೈರ್ಯವಿತ್ತು, "ನಿಮ್ಮ ನಾಯಿ ಉಳಿಯೋದಿಲ್ಲ" ಎನ್ನುವ ಧೈರ್ಯವಿರಲಿಲ್ಲ. ಕೈಮೀರಿದ ಕೇಸು ಬಂದರೆ ಗಂಟಲು ಸರಿಮಾಡಿಕೊಂಡು, "ಸೂಜಿ ರೂಮಲ್ಲಿ ಒಂದ್ಸಲ ತೋರಿಸಿ ನೋಡಿ" ಎನ್ನುವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗಡ್ಡೆ ಒಡೆದವು, ಕಿಡ್ನಿ ಕೆಟ್ಟವು, ಉಸಿರು ಎಳೆಯುವವು, ಎಲ್ಲವೂ ಓಣಿಯ ಕೊನೆಗೆ. ಹೀಗೆ ಆಗಿ ಆಗಿ, ಸೂಜಿ ರೂಮು ಎಂದರೆ ಕಥೆ ಮುಗಿಯಿತು ಎಂದೇ ಅರ್ಥವಾಯಿತು. ಹೊರಗಿನ ಬೆಂಚಿನಲ್ಲಿ ಕಾಯುವ ಜನಕ್ಕೂ ಅದು ಗೊತ್ತಾಗಿ ಹೋಗಿತ್ತು.

"ಮೇಡಂ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋಕೆ ನಿಮ್ಮನ್ನ ಕರೀತಾರಲ್ಲ, ನಿಮಗೆ ಸಿಟ್ಟು ಬರಲ್ವಾ?" ಎಂದು ಕೇಳಿದೆ.

"ಬರುತ್ತೆ ಕಣಕ್ಕಾ. ಆದ್ರೆ ಹೋಗೋ ಜೀವ ಒಂದು ಗಳಿಗೆ ನೋವಿಲ್ಲದೆ ಮಲಗುತ್ತಲ್ಲ, ಅದನ್ನ ಹೇಗೆ ಬೇಡ ಅನ್ನಲಿ?"

ಹಾಗೆಂದರೂ ಅವರಿಗೊಂದು ಆಸೆ ಇದ್ದೇ ಇತ್ತು. ಒಂದು ದಿನ ದೊಡ್ಡ ಡಾಕ್ಟರ ಮೇಜಿನ ಮುಂದೆ ನಿಂತು ಕೇಳಿಯೇಬಿಟ್ಟರು: "ಸಾರ್, ಬದುಕೋ ಪ್ರಾಣಿ ಒಂದೇ ಒಂದು ಕೊಡಿ. ನನ್ನ ಕೈಯಿಂದ ಒಂದಾದ್ರೂ ಎದ್ದು ನಡೆದು ಹೋಗ್ಲಿ." ಡಾಕ್ಟರು ಆಗಲಿ ಎಂದರು. ಹೂಂ ಎನ್ನುವುದಕ್ಕೆ ಅವರ ಗಂಟೇನು ಹೋಗಬೇಕಿತ್ತು?

ಹಾಗೆ ಬಂದವನು ಕೆಂಚ. ಮೋಟು ಕಾಲಿನ, ಉದ್ದ ಬೆನ್ನಿನ ಕಂದು ನಾಯಿ. ಬೀಗ ರಿಪೇರಿ ಮಾಡುವ ಒಬ್ಬ ನಡುವಯಸ್ಸಿನವನು ಎತ್ತಿಕೊಂಡು ಬಂದ. ಬೆನ್ನುಮೂಳೆಯ ನಡುವಿನ ಬಿಲ್ಲೆ ಜಾರಿ ಹಿಂಗಾಲು ಎರಡೂ ಎಳೆಯುತ್ತಿದ್ದವು. ಎಕ್ಸ್‌ರೇ ಆಯಿತು. ಆಪರೇಷನ್ನೇನೂ ಬೇಡ, ಮಾತ್ರೆ ಕೊಡಿ, ಓಡಾಡಲು ಬಿಡಬೇಡಿ, ಜೊತೆಗೆ ಸೂಜಿ ಹಾಕಿಸಿ ಎಂದು ತೀರ್ಮಾನವಾಯಿತು. ಮೇಡಂ ಮುಖ ಅರಳಿತು.

ನಾಯಿಯ ಹಿಂಪಂಜವನ್ನು ಮಗುಚಿ ನೆಲಕ್ಕಿಟ್ಟರೆ, ನರದಲ್ಲಿ ಜೀವವಿದ್ದರೆ ಅದು ತಾನೇ ಸರಿಮಾಡಿಕೊಳ್ಳುತ್ತದೆ. ಕೆಂಚನ ಪಂಜ ಮಗುಚಿದ ಹಾಗೇ ಬಿದ್ದಿರುತ್ತಿತ್ತು. ಬೀಗದವನು ಪ್ರತಿ ಸಲ ಅದನ್ನೇ ನೋಡಿ ತುಟಿ ಕಚ್ಚುತ್ತಿದ್ದ. ವಾರಗಳು ಕಳೆದವು. ಒಂದು ದಿನ ಪಂಜ ಸರಕ್ಕನೆ ತಿರುಗಿತು. ಮೇಡಂ ಮತ್ತೆ ಮಗುಚಿದರು, ಮತ್ತೆ ತಿರುಗಿಸಿಕೊಂಡ. ಸೂಜಿ ಮುಟ್ಟಿದೊಡನೆ ಕುಂಯ್ ಎಂದ. ಮೇಡಂ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. "ಅಯ್ಯೋ, ಅವನಿಗೆ ನೋವಾಗ್ತಿದೆ ಮೇಡಂ" ಎಂದ ಬೀಗದವನಿಗೆ, "ಆಗ್ಲಿ ಬಿಡಿ, ಅದೇ ಒಳ್ಳೇ ಸುದ್ದಿ. ಮುಂದಿನ ಸಲ ಎತ್ಕೊಂಡು ಬರಬೇಡಿ, ನಡೆಸ್ಕೊಂಡು ಬನ್ನಿ" ಎಂದರು.

ಅವನು ಹಾಗೇ ಕರೆತಂದ. ಕೆಂಚ ಓಲಾಡುತ್ತಾ, ಆದರೂ ನಾಲ್ಕು ಕಾಲಿನ ಮೇಲೆ ಗೇಟು ದಾಟಿದ. ಹಿಂದೆ ಬೋನು ತೊಳೆಯುತ್ತಿದ್ದ ನಾನು ಅದನ್ನು ನೋಡಲಿಲ್ಲ. ಬೆಂಚಿನ ಮೇಲೆ ಬೆಕ್ಕಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬಳು ಮಾತು ತೆಗೆದಳಂತೆ.

"ಯಾವ ರೂಮಿಗೆ ತೋರಿಸ್ತಿದೀರಿ? ಸೂಜೀದಾ? ಅಯ್ಯೋ ಪಾಪ. ಕೈಬಿಟ್ಟವನ್ನೇ ಅಲ್ಲಿಗೆ ಕಳಿಸೋದು. ಬಾಯಿಬಿಟ್ಟು ಹೇಳಲ್ಲ ಇವರು."

"ಇಲ್ಲಮ್ಮಾ, ನಮ್ಮವನು ಇವತ್ತು ನಡ್ಕೊಂಡು ಬಂದಿದಾನೆ."

"ಅಲ್ಲಿಗೆ ತೋರಿಸಿದ ನಮ್ಮ ಮೊದಲ್ನೇ ಬೆಕ್ಕೂ ಕೊನೇ ದಿನ ಎದ್ದು ನಿಂತಿತ್ತು. ಆರೋ ದೀಪ ಜೋರಾಗಿ ಉರಿಯಲ್ವಾ, ಹಾಗೆ. ಆಮೇಲೆ ಪಟ್ಟ ಪಾಡು ಶತ್ರುಗೂ ಬೇಡ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಬೆಂಚಿನಲ್ಲಿದ್ದ ಉಳಿದವರೂ ತಲೆಯಾಡಿಸಿದರು. ಕೆಂಚ ಕುಂಯ್ ಎಂದಿದ್ದು ನೆನಪಾಯಿತೋ ಏನೋ, ಬೀಗದವನು ಮೇಡಂ ಕೋಣೆಗೆ ಹೋಗುವ ಬದಲು ನೇರ ದೊಡ್ಡ ಡಾಕ್ಟರ ಬಾಗಿಲಿಗೆ ಹೋದ. "ನಿಜ ಹೇಳಿ ಸಾರ್, ಸುಮ್ನೆ ಹಿಂಸೆ ಕೊಡ್ತಿದೀನಾ? ಹಾಗಿದ್ರೆ ಇವತ್ತೇ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡಿ" ಎಂದು ಅತ್ತ. ಸೂಜಿ ರೂಮಿನ ಕೇಸು ಎಂದೊಡನೆ ಡಾಕ್ಟರಿಗೆ ತಾವು ಅಲ್ಲಿಗೆ ತಳ್ಳಿದ ನೂರೆಂಟು ನಾಯಿಗಳು ನೆನಪಾದವು, ಈ ನಾಯಿ ನೆನಪಾಗಲಿಲ್ಲ. ತಲೆ ಬಗ್ಗಿಸಿ ಅದರ ಕಾಲು ನೋಡಬಾರದಿತ್ತೇ ಆ ಮನುಷ್ಯ? "ನಿಮಗೆ ಹಾಗನ್ನಿಸಿದ್ರೆ ನಾನು ಬೇಡ ಅನ್ನಲ್ಲ" ಎಂದರು. ಹೊಸದಾಗಿ ಸೇರಿದ ಡಾಕ್ಟರೊಬ್ಬರು ಸಿರಿಂಜ್ ತುಂಬಿದರು. ಹಿಡಿಯಲು ನನ್ನನ್ನು ಕರೆಯಲೂ ಇಲ್ಲ, ಕೆಂಚ ಅಷ್ಟು ಸಾಧು.

ಮೇಡಂ ಚಾಪೆ ಹಾಸಿಕೊಂಡು ಕಾದರು. ಕಾದು ಕಾದು ಹೊರಗೆ ಬಂದಾಗ, ಕೆಂಚ ಹೋದ ಸುದ್ದಿಯನ್ನು ಕೌಂಟರಿನ ಹುಡುಗಿ ಹೇಳಿದಳು. "ಅದಕ್ಕೆ ಹೋಗೋಕೆ ಮನಸ್ಸೇ ಇರಲಿಲ್ಲ ಮೇಡಂ, ನಿಮ್ಮ ರೂಮ್ ಕಡೇನೇ ಎಳೀತಿತ್ತು" ಎಂದೂ ಸೇರಿಸಿದಳು. ನಾನು ಓಡಿ ಬಂದೆ. ಮೇಡಂ ಗೋಡೆಗೆ ಒರಗಿ ನಿಂತಿದ್ದರು. ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿ ಬಾಯಿಗೆ ಬಂದದ್ದು ಅಂದವಳು ನಾನು. "ಸಾಕಿದವರೇ ಕೇಳಿದ್ಮೇಲೆ ನಾನೇನಮ್ಮಾ ಮಾಡ್ಲಿ" ಎಂದರು. ಥೂ ಎಂದು ಬಂದೆ.

ಕೆಲವು ದಿನಗಳಾದ ಮೇಲೆ ಬೀಗದವನು ಬಂದ. ಮುಖ ಬತ್ತಿ ಹೋಗಿತ್ತು, ಗಡ್ಡ ಬಂದಿತ್ತು. ಮೇಡಂ ಎದುರು ಚಾಪೆಯ ಮೇಲೆ ಕುಕ್ಕರಗಾಲಲ್ಲಿ ಕೂತ. ಇವತ್ತು ಇವನಿಗೆ ನಿಜ ಗೊತ್ತಾಗಲಿ, ಇವನೇ ಹೊರಗೆ ಹೋಗಿ ಆ ಬೆಂಚಿಗೆಲ್ಲ ಹೇಳಲಿ ಎಂದು ನಾನು ಬಾಗಿಲಲ್ಲೇ ನಿಂತೆ.

"ಮೇಡಂ, ನಮ್ಮನೆಯವಳು ಮಾತು ಬಿಟ್ಟಿದಾಳೆ. ನನಗೂ ನಿದ್ದೆಯಿಲ್ಲ. ಒಂದು ಮಾತು ಹೇಳಿಬಿಡಿ. ನಾನು ಮಾಡಿದ್ದು ಸರೀನಾ? ಅವನು ಉಳೀತಿದ್ನಾ?"

ಮೇಡಂ ಅವನನ್ನು ನೋಡಿದರು. ನಾನು ಕಣ್ಣಲ್ಲೇ ಹೇಳಿದೆ, ಹೇಳಿ ಮೇಡಂ, ಹೇಳಿಬಿಡಿ.

"ಇಲ್ಲ," ಎಂದರು. "ಉಳೀತಿರಲಿಲ್ಲ. ಸರಿಯಾಗೇ ಮಾಡಿದ್ರಿ."

ಅವನು ಕೈಮುಗಿದು, ಕಣ್ಣೊರೆಸಿಕೊಂಡು, ದೀರ್ಘವಾಗಿ ಉಸಿರು ಬಿಟ್ಟು ಎದ್ದ. ಓಣಿ ದಾಟಿ ಬೆಂಚಿನ ಹತ್ತಿರ ನಿಂತು, ಮಡಿಲಲ್ಲಿ ನಾಯಿಮರಿ ಹಿಡಿದು ಕೂತಿದ್ದ ಯಾರಿಗೋ ಹೇಳುವುದು ನಮ್ಮಿಬ್ಬರಿಗೂ ಕೇಳಿಸಿತು: "ಹೌದು, ಆ ರೂಮಿಗೆ ಹೋದ್ರೆ ಉಳಿಯಲ್ಲ. ಸೂಜಿ ಮೇಡಂ ಅವರೇ ಈಗ ಹೇಳಿದ್ರು."